ಮಗುಚಿಟ್ಟ ರೆಕ್ಕೆ, ಅಂಗೈಯಗಲದ ರಬ್ಬರ್

1956ರಲ್ಲಿ ಮೈಕೆಲ್ ಮೇ ಎಂಬ ಸ್ವಿಸ್ ಎಂಜಿನಿಯರ್ ತನ್ನ ಪೋರ್ಷೆ 550 ಕಾರನ್ನು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಿಗೆ ತಂದ. ಚಾಲಕನ ನೆತ್ತಿಯ ಮೇಲೆ ಚಪ್ಪರದಂತೆ ಒಂದು ರೆಕ್ಕೆ. ವಿಮಾನದ ರೆಕ್ಕೆಯಂಥದ್ದೇ, ಆದರೆ ಮಗುಚಿಟ್ಟದ್ದು. ವಿಮಾನವನ್ನು ಮೇಲೆತ್ತುವ ಗಾಳಿ ಇಲ್ಲಿ ಕಾರನ್ನು ನೆಲಕ್ಕೊತ್ತುತ್ತಿತ್ತು. ಹಿಂದೆ ಬರುವವರಿಗೆ ದಾರಿ ಕಾಣದೆಂದು ಅಧಿಕಾರಿಗಳು ಅದನ್ನು ತೆಗೆಸಿಬಿಟ್ಟರು. ಆ ಒಂದು ತೀರ್ಮಾನ ರೇಸಿಂಗ್ ಅನ್ನು ಹತ್ತು ವರ್ಷ ಹಿಂದಕ್ಕೆ ತಳ್ಳಿತೆಂದೇ ನನ್ನ ನಂಬಿಕೆ.

ಮೇ ಕಂಡುಕೊಂಡದ್ದು ಎಷ್ಟು ಸರಳ! ಒತ್ತಿದಷ್ಟೂ ಟೈರು ನೆಲವನ್ನು ಕಚ್ಚುತ್ತದೆ. ಅದಕ್ಕೆಂದು ಕಾರಿಗೆ ತೂಕ ಹೇರಿದರೆ ತಿರುವಿನಲ್ಲಿ ಅದೇ ತೂಕ ಕಾರನ್ನು ಹೊರಕ್ಕೆಳೆಯುತ್ತದೆ. ಗಾಳಿ ಒತ್ತುತ್ತದೆ, ಭಾರ ಹೊರಿಸುವುದಿಲ್ಲ.

1966ರಲ್ಲಿ ಟೆಕ್ಸಸ್‌ನ ಜಿಮ್ ಹಾಲ್ ತನ್ನ ಚಾಪರಾಲ್ 2ಇ ಕಾರಿಗೆ ಎತ್ತರದ ಕಂಬಗಳ ಮೇಲೆ ರೆಕ್ಕೆ ನಿಲ್ಲಿಸಿದ. ನೇರ ದಾರಿ ಬಂದಾಗ ಚಾಲಕ ಪೆಡಲ್ ತುಳಿದರೆ ರೆಕ್ಕೆ ಚಪ್ಪಟೆಯಾಗಿ ಗಾಳಿಯನ್ನು ಸೀಳುತ್ತಿತ್ತು. 1968ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿಗೆ ಫೆರಾರಿ, ಬ್ರಾಬಮ್ ಕಾರುಗಳು ರೆಕ್ಕೆ ತೊಟ್ಟೇ ಬಂದವು. ಮುಂದೆ ಎಲ್ಲರಿಗೂ ಅದೇ ಹುಚ್ಚು. 1969ರ ಮೇ 4ರಂದು ಬಾರ್ಸಿಲೋನಾದ ಮೊಂಟ್‌ಜೂಯಿಕ್‌ನಲ್ಲಿ ಅದಕ್ಕೆ ಬೆಲೆ ತೆರಬೇಕಾಯಿತು. ದಿಬ್ಬದ ನೆತ್ತಿಯಲ್ಲಿ ಚಾಲಕ ಗ್ರಹಾಂ ಹಿಲ್‌ನ ಲೋಟಸ್ ಕಾರು ರೆಕ್ಕೆ ಮುರಿದುಕೊಂಡು ತಡೆಬೇಲಿಗೆ ಬಡಿಯಿತು. ಕೆಲವೇ ಸುತ್ತುಗಳಲ್ಲಿ ಅದೇ ಜಾಗದಲ್ಲಿ, ಅದೇ ಕಾರಣಕ್ಕೆ, ಜೊತೆಗಾರ ಯೋಹೆನ್ ರಿಂಟ್ ಹಿಲ್‌ನ ಕಾರಿನ ಅವಶೇಷಕ್ಕೇ ಅಪ್ಪಳಿಸಿದ. ಇಬ್ಬರೂ ಬದುಕಿದರು. ಎರಡು ವಾರದಲ್ಲಿ ಮೊನಾಕೊದಲ್ಲಿ ಎತ್ತರದ ರೆಕ್ಕೆಗಳಿಗೆ ನಿಷೇಧ ಬಿತ್ತು. ಆಮೇಲೆ ಅವು ಕಾರಿನ ಮೈಗೇ ಅಂಟಿಕೊಂಡು, ತಗ್ಗಿ ಮರಳಿದವು.

ಅಂದಿನಿಂದ ಚೌಕಾಸಿ ನಡೆದೇ ಇದೆ. ರೆಕ್ಕೆಯನ್ನು ಕಡಿದಾಗಿಸಿದರೆ ತಿರುವು ಸಲೀಸು, ನೇರ ದಾರಿಯಲ್ಲಿ ವೇಗ ಖೋತಾ. ಚಪ್ಪಟೆಯಾಗಿಸಿದರೆ ವೇಗವೇನೋ ಸಿಗುತ್ತದೆ, ಆದರೆ ತಿರುವಿನಲ್ಲಿ ಟೈರು ಜಾರಿ, ಉಜ್ಜಿ, ಬಿಸಿಯೇರುತ್ತದೆ. ಮೇಲ್ಮೈ ಹರಿದರೆ ಪೆನ್ಸಿಲ್ ಗೆರೆ ಅಳಿಸುವಾಗ ಏಳುವ ಸಣ್ಣ ಸುರುಳಿಗಳಂತೆ ರಬ್ಬರ್ ಕಿತ್ತುಬರುತ್ತದೆ. ಆಮೇಲೆ ಟೈರು ನೆಲ ಮುಟ್ಟುವುದೇ ಆ ಸುರುಳಿಗಳ ಮೇಲೆ. ಮುಂದಿನ ಕಾರಿನ ಬೆನ್ನಿಗೇ ಅಂಟಿಕೊಂಡವನ ಪಾಡಂತೂ ಇನ್ನೂ ಕಷ್ಟ. ಕದಡಿದ ಗಾಳಿಯಲ್ಲಿ ರೆಕ್ಕೆಯ ಒತ್ತಡ ಕುಗ್ಗುತ್ತದೆ, ಟೈರು ಇನ್ನಷ್ಟು ಜಾರುತ್ತದೆ.

2012ರ ಇಟಲಿಯ ಮೊನ್ಜಾ ರೇಸನ್ನು ನಾನು ಮರೆಯಲಾರೆ. ರೆಕ್ಕೆಗಳು ತೀರಾ ಚಪ್ಪಟೆಯಾಗುವ ಟ್ರ್ಯಾಕ್ ಅದು. 12ನೆಯ ಸ್ಥಾನದಿಂದ ಹೊರಟ ಸೌಬರ್ ತಂಡದ ಸೆರ್ಗಿಯೊ ಪೆರೆಜ್ ಗಟ್ಟಿ ಟೈರುಗಳನ್ನು ನೋಯಿಸದೆ ಸುತ್ತು ಮೇಲೆ ಸುತ್ತು ಓಡಿಸಿದ, ಮುಂಚೂಣಿಯವರೆಲ್ಲ ಬದಲಿಸಿಕೊಂಡ ಮೇಲಷ್ಟೇ ಹೊಸ ಟೈರು ಹಾಕಿಸಿದ. ಕೊನೆಯ ಸುತ್ತುಗಳಲ್ಲಿ ಫೆರಾರಿಯ ತವರಿನಲ್ಲೇ ಎರಡೂ ಫೆರಾರಿಗಳನ್ನು ಹಿಂದಿಕ್ಕಿ ಎರಡನೆಯವನಾದ.