ಕಡಲು ಒಯ್ಯುವುದು ಮರಳನ್ನು

ಜೂನ್ ಎರಡನೇ ವಾರ ಬಂತೆಂದರೆ ಉಳ್ಳಾಲ, ಮರವಂತೆ, ಕಾಪು ಕಡೆಯಿಂದ ಪತ್ರಿಕೆಗಳಿಗೆ ಒಂದೇ ಬಗೆಯ ಚಿತ್ರಗಳು ಬರುತ್ತವೆ. ಬುಡ ಕಳಚಿ ನೀರಿಗೆ ವಾಲಿದ ತೆಂಗು, ಅರ್ಧಕ್ಕೆ ಮುರಿದ ಕಾಂಕ್ರೀಟ್ ರಸ್ತೆ, ಟಿಪ್ಪರಿನಿಂದ ಸುರಿಯುತ್ತಿರುವ ಬಂಡೆಕಲ್ಲು. ಅಡಿಬರಹವೂ ಬದಲಾಗುವುದಿಲ್ಲ: ಕಡಲ್ಕೊರೆತ ತೀವ್ರ. ಕೊರೆತ ಎಂದೊಡನೆ ಕಡಲು ನೆಲವನ್ನು ಕಡಿದು ನುಂಗುತ್ತಿದೆ ಅನಿಸುತ್ತದೆ. ಅದು ನಿಜವಾಗಿ ಮಾಡುತ್ತಿರುವುದು ಮರಳಿನ ಸಾಗಾಟ.

ಮಳೆಗಾಲದ ಒತ್ತೊತ್ತಾದ ಅಲೆಗಳು ದಡದ ಮರಳನ್ನು ಎಳೆದೊಯ್ದು, ತುಸು ದೂರದಲ್ಲಿ ನೀರಿನಡಿ ದಿಬ್ಬವಾಗಿ ಒಟ್ಟುತ್ತವೆ. ಹಿಂದಿನಿಂದ ಬರುವ ಅಲೆಗಳು ಆ ದಿಬ್ಬದ ಮೇಲೆಯೇ ಒಡೆದು ಸುಸ್ತಾಗುತ್ತವೆ. ಅಂದರೆ ದಡ ತನ್ನ ಮರಳನ್ನೇ ಮುಂದೆ ಕಳಿಸಿ ತನ್ನನ್ನು ಕಾಯ್ದುಕೊಳ್ಳುತ್ತದೆ. ಮಳೆ ನಿಂತ ಮೇಲೆ ಸೌಮ್ಯವಾದ ಅಲೆಗಳು ಅದೇ ಮರಳನ್ನು ತಿರುಗಿ ತಂದು ಹಾಕುತ್ತವೆ. ಕೈರಂಪಣಿ ಎಳೆಯುವವರಿಗೆ ಇದೇನೂ ಹೊಸದಲ್ಲ. ಬಲೆ ಎಳೆಯಲು ಜಾಗ ಯಾವಾಗ ಅಗಲವಾಗುತ್ತದೆಂದು ಅವರಿಗೆ ಗೊತ್ತು.

ಇದಲ್ಲದೆ ಇನ್ನೊಂದು ಸಾಗಾಟವಿದೆ. ಅಲೆ ದಡಕ್ಕೆ ಓರೆಯಾಗಿ ಬಡಿದಾಗ ಮರಳು ಪಕ್ಕಕ್ಕೆ ಸರಿಯುತ್ತದೆ. ವರ್ಷವಿಡೀ ದಡದುದ್ದಕ್ಕೂ ಹರಿಯುವ ಮರಳಿನ ಹೊಳೆ ಇದು. ಅಡ್ಡಲಾಗಿ ಅಲೆ ತಡೆಯುವ ಬ್ರೇಕ್‌ವಾಟರ್ ಕಟ್ಟಿದರೆ ಒಂದು ಮಗ್ಗುಲಲ್ಲಿ ಮರಳು ಗುಡ್ಡೆಬೀಳುತ್ತದೆ, ಇನ್ನೊಂದು ಮಗ್ಗುಲು ಬಡವಾಗುತ್ತದೆ. ಪುದುಚೇರಿಯಲ್ಲಿ 1980ರ ದಶಕದ ಕೊನೆಗೆ ಬಂದರು ಕಟ್ಟಿದ ಬಳಿಕ ಉತ್ತರದ ಪೇಟೆಯ ಬೀಚೇ ಮಾಯವಾಗಿ ಬರೀ ಕಲ್ಲು ಉಳಿದದ್ದು ಹೀಗೆ.

ಹಾಗಾಗಿ ಕರಾವಳಿ ನಿರ್ವಹಣೆ ಎಂದರೆ ಬಹುಮಟ್ಟಿಗೆ ಮರಳಿನ ಜಮಾ-ಖರ್ಚು. ಜಮೆ ಬರಬೇಕಾದದ್ದು ಹೊಳೆಗಳಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಶರಾವತಿಯ ಹೂಳಿನ ಪಾಲೊಂದು ಘಟ್ಟದ ಮೇಲೆಯೇ ನಿಂತಿತು. ಕೆಳಗಿಳಿದದ್ದನ್ನು ಮರಳುಗಾರಿಕೆಯ ದೋಣಿಗಳು ಹೊತ್ತವು. ಖಾತೆ ಮೊದಲೇ ಸೊರಗಿತ್ತು, ಹವಾಮಾನ ಬದಲಾವಣೆ ಖರ್ಚಿನ ಕಡೆ ಬಂದು ಕೂತಿದೆ.

ಹೇಗೆ? 2006ರಿಂದ 2018ರ ನಡುವೆ ಜಗತ್ತಿನ ಸಮುದ್ರಮಟ್ಟ ವರ್ಷಕ್ಕೆ ಸರಾಸರಿ 3.7 ಮಿಲಿಮೀಟರ್ ಏರಿದೆ. ಎರಡು ಅಕ್ಕಿಕಾಳಿನ ದಪ್ಪ, ಅಷ್ಟಕ್ಕೆ ಏನು ಹೆದರಿಕೆ ಅನಿಸಬಹುದು. ಆದರೆ ಮರಳ ದಡ ಗೋಡೆಯಲ್ಲ, ಇಳಿಜಾರು. ನೀರು ಮೇಲೇರಿದಂತೆ ಇಡೀ ಇಳಿಜಾರೇ ಒಳನಾಡಿನ ಕಡೆ ಸರಿದು ಹೊಸದಾಗಿ ಹೊಂದಿಕೊಳ್ಳುತ್ತದೆ. ಪೆರ್ ಬ್ರೂನ್ ಎಂಬ ಎಂಜಿನಿಯರ್ 1962ರಲ್ಲಿ ಹಾಕಿಕೊಟ್ಟ ಅಂದಾಜಿನ ಪ್ರಕಾರ ನೀರು ಒಂದು ಪಾಲು ಏರಿದರೆ ದಡ ಐವತ್ತರಿಂದ ನೂರು ಪಾಲು ಹಿಂದೆ ಸರಿಯಬಹುದು. ಎಲ್ಲ ದಡಕ್ಕೂ ಈ ಲೆಕ್ಕ ಸರಿಹೋಗುವುದಿಲ್ಲ, ತಜ್ಞರ ತಕರಾರುಗಳಿವೆ. ಆದರೂ ಮಿಲಿಮೀಟರುಗಳು ಗೇಣುಗಳಾಗುವ ಬಗೆ ಇದರಿಂದ ತಿಳಿಯುತ್ತದೆ.

ಚಂಡಮಾರುತಗಳದು ಬೇರೆಯೇ ಕಾಟ. ಅರಬ್ಬೀ ಸಮುದ್ರ ಬಿಸಿಯಾದಂತೆ ಅಲ್ಲಿ ಅವು ಹೆಚ್ಚಿವೆ, ಬಲವೂ ಜಾಸ್ತಿಯಾಗಿದೆ. 2021ರ ಮೇ ನಡುವಿನಲ್ಲಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಆ ತಿಂಗಳನ್ನು ಗಮನಿಸಿ: ಬೇಸಗೆಯಿಡೀ ತುಂಬಿಕೊಂಡ ದಡ ಮಳೆಗಾಲಕ್ಕೆ ಸಿದ್ಧವಾಗಿ ನಿಂತಿರುವ ಹೊತ್ತು ಅದು. ಆಗಲೇ ಮರಳು ಹೋದರೆ ಜೂನ್ ಒಳಗೆ ತಿರುಗಿ ಬರಲು ಸಮಯವೆಲ್ಲಿ? ಮುಂಗಾರಿನ ಅಲೆ ಬಡಿಯುವುದು ಬರಿಗೈಯ ದಡಕ್ಕೆ.

ಇನ್ನು ಕಲ್ಲಿನ ತಡೆಗೋಡೆ. ಹಿಂದೆ ಮನೆಯೋ ರಸ್ತೆಯೋ ಇದ್ದು, ಬೇರೆ ದಾರಿಯೇ ಇಲ್ಲದಾಗ ಅದು ಬೇಕು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಅಲ್ಲಿ ಸರಿದುಕೊಳ್ಳಿ ಎಂದರೆ ಎಲ್ಲಿಗೆ? ಆದರೆ ಗೋಡೆ ಕಾಯುವುದು ತನ್ನ ಬೆನ್ನಿಗಿರುವ ಆಸ್ತಿಯನ್ನು, ಬೀಚನ್ನಲ್ಲ. ಮಳೆ ನಿಂತ ಮೇಲೆ ಹಳೆಯ ಗೋಡೆಯೊಂದರ ಬುಡದಲ್ಲಿ ಕೂತು ನೋಡಿ. ಕಲ್ಲಿಗೆ ಬಡಿದ ಅಲೆ ಹಿಂದಿರುಗುವಾಗ ಬುಡದ ಮರಳನ್ನು ಬಗೆದು ಒಯ್ಯುತ್ತದೆ. ಕಲ್ಲಿನಡಿ ಹಾಸಿದ ಜವಳಿಯಂಥ ಶೀಟು ಹರಿದು ಪಟಪಟಿಸುತ್ತಿದ್ದರೆ, ಹಿಂದಿನ ಮಣ್ಣು ಸಂದಿಗಳಿಂದ ಸೋರಿಹೋಗುತ್ತಿದೆ ಎಂದರ್ಥ. ಕೆಳಗಿನ ಕಲ್ಲು ಒಂದಡಿ ಜಗ್ಗಿತು, ಮೇಲಿನದು ಉರುಳಿತು, ಮರುವರ್ಷ ಮತ್ತೆ ಟಿಪ್ಪರ್. ಗೋಡೆ ಮುಗಿಯುವ ತುದಿಯಲ್ಲಿ ಅಲೆ ತಿರುಗಿ ಬಡಿಯುವುದರಿಂದ ಪಕ್ಕದ ಮನೆಯವರ ಸರದಿ ಶುರು. ಅವರೂ ಅರ್ಜಿ ಹಿಡಿದು ಬರುತ್ತಾರೆ, ಗೋಡೆ ಉದ್ದವಾಗುತ್ತದೆ.

ಬೇರೆ ಉಪಾಯಗಳಿಲ್ಲವೆಂದಲ್ಲ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಉಳ್ಳಾಲದ ಕಡಲೊಳಗೆ ರೀಫ್ ಕಟ್ಟಿದರು. ಅಲೆಯನ್ನು ದಡಕ್ಕೆ ಬರುವ ಮೊದಲೇ ಒಡೆಯುವ ಲೆಕ್ಕಾಚಾರ, ಮಳೆಗಾಲದ ಮರಳ ದಿಬ್ಬದ ನಕಲು. ಆಸ್ಟ್ರೇಲಿಯಾದ ಟ್ವೀಡ್ ನದಿಯ ಅಳಿವೆಯಲ್ಲಿ ಇನ್ನೂ ನೇರ ಕೆಲಸ: ಬ್ರೇಕ್‌ವಾಟರಿಗೆ ತಡೆದು ನಿಲ್ಲುವ ಮರಳನ್ನು 2001ರಿಂದ ಪಂಪು ಮಾಡಿ, ಪೈಪಿನಲ್ಲಿ ನದಿಯಡಿ ದಾಟಿಸಿ ಆಚೆಯ ಬೀಚುಗಳಿಗೆ ಕೊಡುತ್ತಾರೆ, ವರ್ಷಕ್ಕೆ ಸುಮಾರು ಐದು ಲಕ್ಷ ಘನ ಮೀಟರ್. ದುಬಾರಿ, ನಿಜ. ಆದರೆ ನಮ್ಮ ಅಳಿವೆಬಾಗಿಲುಗಳಲ್ಲೂ ಹೂಳೆತ್ತುತ್ತೇವಲ್ಲ; ಆ ಮರಳು ಲಾರಿಯಲ್ಲಿ ಊರೊಳಗೆ ಹೋಗಬೇಕೋ, ಸೊರಗಿದ ದಡಕ್ಕೆ ಹೋಗಬೇಕೋ ಎಂದು ಕೇಳಲು ಪಂಪು ಬೇಕಾಗಿಲ್ಲ. ಅಡುಂಬು ಬಳ್ಳಿ ಹಬ್ಬಿದ ಮರಳ ದಿಣ್ಣೆಯನ್ನು ರೆಸಾರ್ಟಿನ ನೋಟಕ್ಕೆ ಅಡ್ಡಿಯೆಂದು ಸಪಾಟು ಮಾಡದೆ ಬಿಟ್ಟರಂತೂ ಖರ್ಚೇ ಇಲ್ಲ.

ಹಿಂದೆ ಸರಿದು ಕಟ್ಟುವುದಕ್ಕೆ ನಿಯಮವಿದೆ: 1991ರಲ್ಲಿ ಬಂದ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, ಅಂದರೆ ಸಿಆರ್‌ಝಡ್. ಉಬ್ಬರದ ನೀರು ಮುಟ್ಟುವ ಭರತರೇಖೆಯಿಂದ 200 ಮೀಟರ್ ಒಳಗೆ ಗ್ರಾಮೀಣ ಕರಾವಳಿಯಲ್ಲಿ ಹೊಸ ಕಟ್ಟಡ ಸಲ್ಲದು ಎಂದಿತ್ತು. 2019ರ ಅಧಿಸೂಚನೆ, ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ಸಮುದ್ರಮಟ್ಟದ ಏರಿಕೆಯನ್ನೂ ಲೆಕ್ಕ ಹಿಡಿದು ಎಳೆದ ಅಪಾಯ ರೇಖೆ ನಕ್ಷೆಯಲ್ಲಿದೆ, ಆದರೆ ಕಟ್ಟಡ ತಡೆಯುವ ಗೆರೆಯಾಗಿ ಅಲ್ಲ, ವಿಪತ್ತು ನಿರ್ವಹಣೆಯ ಸಾಧನವಾಗಿ. ಕಡಲು ಒಳಗೆ ಬರುತ್ತಿರುವಾಗ ಗೆರೆ ಹೊರಗೆ ಹೋದದ್ದು ನನಗಂತೂ ಅರ್ಥವಾಗದ ಜಾಣತನ. ಮನೆ ಕಟ್ಟುವವರು 50 ಮೀಟರನ್ನು ಅನುಮತಿಯೆಂದು ಓದಲಿ, ಅಭಯವೆಂದು ಓದಬಾರದು.

ದಡ ತೆಳುವಾದರೆ ಬಾವಿಗೂ ಕುತ್ತು. ಮರಳಿನಲ್ಲಿ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಸಿಹಿನೀರು ಒಂದಡಿ ಮೇಲಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ. ಒಂದಡಿ ಇಳಿದರೆ ಉಪ್ಪು ಅದೇ ಲೆಕ್ಕದಲ್ಲಿ ಮೇಲೇರುತ್ತದೆ. ಏಪ್ರಿಲ್‌ನಲ್ಲಿ ನೀರು ಉಪ್ಪುಪ್ಪಾಯಿತೆಂದು ಬಾವಿ ಆಳ ಮಾಡಿಸಿದರೆ ಉಪ್ಪನ್ನೇ ಕರೆದಂತೆ.

ನಿಮ್ಮ ದಡದ ಖಾತೆ ನೋಡಲು ಸರ್ವೆಯವರನ್ನು ಕಾಯಬೇಕಿಲ್ಲ. ಗಟ್ಟಿಯಾದ ಒಂದು ಗುರುತು, ಮೈಲುಗಲ್ಲೋ ದೈವಸ್ಥಾನದ ಮೆಟ್ಟಿಲೋ, ಅಲ್ಲಿಂದ ಅಡುಂಬು ಬಳ್ಳಿ ಮುಗಿಯುವ ಅಂಚಿನವರೆಗೆ ಹಗ್ಗ ಹಿಡಿದು ಅಳೆಯಿರಿ. ಪ್ರತಿ ಜನವರಿಯಲ್ಲಿ, ಅದೇ ಜಾಗದಲ್ಲಿ. ಜುಲೈಯ ಅಳತೆಗೆ ಬೆಲೆಯಿಲ್ಲ, ಆಗ ಮರಳು ಹೇಗೂ ಹೊರಗೆ ಹೋಗಿರುತ್ತದೆ. ನಾಲ್ಕು ಜನವರಿಗಳ ಅಂಕಿ ಕೈಯಲ್ಲಿದ್ದರೆ, ಮುಂದಿನ ಗ್ರಾಮಸಭೆಯಲ್ಲಿ ಕಲ್ಲು ಎಷ್ಟು ಲೋಡು ಎಂಬ ಮಾತಿಗೆ ಮೊದಲು, ಮರಳು ಎಲ್ಲಿ ಹೋಯಿತು ಎಂದು ಕೇಳಬಹುದು.