ಅಟ್ಟಲಾಯಿತು, ಸರಿ. ಎಲ್ಲಿಗೆ?

ಮದ್ದೂರು, ಮಳವಳ್ಳಿ ಕಡೆಯ ಸುದ್ದಿ ಓದುವವರಿಗೆ ಈ ಧಾಟಿಯ ವಾಕ್ಯ ಬಾಯಿಪಾಠ ಆಗಿರುತ್ತೆ: ಬೀಡುಬಿಟ್ಟಿದ್ದ ಕಾಡಾನೆಗಳನ್ನು ಮುತ್ತತ್ತಿ ಅರಣ್ಯಕ್ಕೆ ಅಟ್ಟಲಾಯಿತು. ಇಲಾಖೆ ಭಾಷೆಯಲ್ಲಿ ಇದು ‘ಎಲಿಫೆಂಟ್ ಡ್ರೈವ್’. ಬೆಂಗಳೂರಿನ ವೀಕೆಂಡ್ ಮಂದಿಗೆ ಅದೇ ಮುತ್ತತ್ತಿ ಸುಮಾರು ನೂರು ಕಿಲೋಮೀಟರಿನ ‘ಲಾಂಗ್ ಡ್ರೈವ್’. ನನಗೆ ಈ ಕ್ರಿಯಾಪದದ ಮೇಲೇ ಒಂಚೂರು ಗುಮಾನಿ.

ಇಂಗ್ಲಿಷಿನಲ್ಲಿ ‘ಡ್ರೈವ್’ ಪದದ ಹಳೆಯ ಅರ್ಥ ಗಾಡಿ ನಡೆಸೋದಲ್ಲ. ದನಗಳನ್ನೋ ಶತ್ರುಗಳನ್ನೋ ಹಿಂದಿನಿಂದ ಬೆದರಿಸಿ ಮುಂದಕ್ಕೆ ನೂಕುವುದು. ಹಾಗೆ ನೂಕಿಸಿಕೊಂಡ ಪ್ರಾಣಿ ಗಾಡಿ ಎಳೆಯತೊಡಗಿದ ಮೇಲೆ ಪದ ಗಾಡಿಗೂ ಅಂಟಿತು, ಆಮೇಲೆ ಕಾರಿಗೂ. ನಮ್ಮ ‘ಓಡಿಸು’ ಕೂಡ ಹಾಗೇ: ಬೈಕೂ ಓಡಿಸ್ತೀವಿ, ಗದ್ದೆಗೆ ನುಗ್ಗಿದ ಹಂದೀನೂ ಓಡಿಸ್ತೀವಿ. ‘ಅಟ್ಟು’ ಪದದ ಕತೆ ಬೇರೆ. ಹಳಗನ್ನಡದಲ್ಲಿ ಅದಕ್ಕೆ ‘ಕಳಿಸು’ ಅನ್ನೋ ಅರ್ಥವೂ ಇತ್ತು, ದೂತರನ್ನು ಅಟ್ಟುತ್ತಿದ್ದರು. ಈಗ ಉಳಿದಿರೋದು ಬೆನ್ನಟ್ಟುವ ಅರ್ಥ ಮಾತ್ರ. ಓಡಿಸೋ ವಿಷಯದಲ್ಲಿ ನಮಗೆ ಪದಗಳ ಬರ ಇಲ್ಲ ಬಿಡಿ: ಕಾಗೆಗೆ ಉಶ್, ನಾಯಿಗೆ ಹಚಾ, ಅಧಿಕಾರಿಗೆ ಎತ್ತಂಗಡಿ, ಹೋರಾಟಗಾರರಿಗೆ ಗಡಿಪಾರು.

ಕಾನೂನು ಈ ಪದವನ್ನು ನಮಗಿಂತ ಗಂಭೀರವಾಗಿ ತಗೊಂಡಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2ನೇ ಸೆಕ್ಷನ್ ‘ಬೇಟೆ’ ಅಂದರೇನು ಅಂತ ವಿವರಿಸುವಾಗ ಕೊಲ್ಲುವುದು, ಹಿಡಿಯುವುದು, ಬಲೆ ಒಡ್ಡುವುದರ ಜೊತೆಗೆ ‘ಡ್ರೈವಿಂಗ್’ ಅನ್ನೂ ಸೇರಿಸಿದೆ. ಅಂದರೆ ಅಟ್ಟುವುದೂ ಬೇಟೆಯ ಲೆಕ್ಕ! ಇದರಲ್ಲಿ ವಿಚಿತ್ರ ಏನಿಲ್ಲ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ, ಕಾಯ್ದೆ ಬರುವ ಹಿಂದಿನ ವರ್ಷ. ಅಲ್ಲಿ ಸದ್ದು, ಬೆಂಕಿ, ಕೂಗಾಟದಿಂದ ಹಿಂಡನ್ನು ಅಟ್ಟುತ್ತಿದ್ದದ್ದು ಹಿಡಿದು ಪಳಗಿಸೋಕೆ. ಇವತ್ತು ಪಟಾಕಿ ಹೊಡೆದು ಅಟ್ಟೋದು ವಾಪಸ್ ಕಳಿಸೋಕೆ. ಉದ್ದೇಶ ಉಲ್ಟಾ, ವಿಧಾನ ಹೆಚ್ಚುಕಮ್ಮಿ ಅದೇ.

ಹಾಗಂತ ರಾತ್ರಿಯಿಡೀ ರಾಗಿ ಹೊಲ ಕಾಯೋ ರೈತರ ಮುಂದೆ ಕಾಯ್ದೆ ಓದೋ ದುರಹಂಕಾರ ನನಗಿಲ್ಲ. ಬೆಳೆ ಹೋದರೆ ವರ್ಷದ ಅನ್ನ ಹೋಯ್ತು, ಆನೆ ಎದುರಾದರೆ ಜೀವವೇ ಹೋಗಬಹುದು. ನನ್ನ ತಕರಾರು ‘ಅಟ್ಟಲಾಯಿತು’ ಅನ್ನೋ ಭೂತಕಾಲದ ಬಗ್ಗೆ. ಕೆಲಸ ಮುಗಿದೇ ಹೋಯ್ತು ಅನ್ನೋ ಹಾಗಿದೆ ಅದು. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ ಮಂಡ್ಯ, ಬೆಂಗಳೂರು ದಕ್ಷಿಣ (2025ರ ತನಕ ರಾಮನಗರ), ಚಾಮರಾಜನಗರ ಜಿಲ್ಲೆಗಳಿಗೆ ಹರಡಿದೆ. ಅದರ ಅಂಚಿಗೆ ಹೊಲಗದ್ದೆ ಒತ್ತಿಕೊಂಡೇ ಇವೆ. ಮಳವಳ್ಳಿ ಕಡೆ ‘ಅಟ್ಟಲಾಯಿತು’ ಅಂತ ಬರೆದ ಹಿಂಡು ಮತ್ತೊಂದು ದಿನ ಚನ್ನಪಟ್ಟಣದ ಕಡೆ ‘ಪ್ರತ್ಯಕ್ಷ’ ಆಗಬಹುದು. ಇನ್ನು ಮುತ್ತತ್ತಿ ಬರೀ ಕಾಡಲ್ಲ, ಊರು. ಆಂಜನೇಯನ ಗುಡಿ ಇದೆ, ಹರಕೆ ಹೊತ್ತು ಬರುವ ಜನ ಇದ್ದಾರೆ. ಆನೆ ಅಲ್ಲಿಗೆ ಹೋದ ಮೇಲೆ ಅಲ್ಲಿನವರ ಗತಿಯೇನು ಅಂತ ಆ ವಾಕ್ಯ ಕೇಳಲ್ಲ.

ಪ್ರಾಣಿಗೆ ಬಳಸಿದ ಪದ ಮನುಷ್ಯರ ತನಕ ಬರೋಕೆ ತಡ ಆಗಲ್ಲ. ‘ಎವಿಕ್ಷನ್ ಡ್ರೈವ್’ ಅಂತಾರೆ. ಅದಕ್ಕೆ ಕನ್ನಡದ ‘ಒಕ್ಕಲೆಬ್ಬಿಸು’ ಪದದ ಒಳಗೇ ಒಕ್ಕಲು ಇದೆ. ಇಲ್ಲೊಬ್ಬರು ಉಳುತ್ತಾ ಬಾಳುತ್ತಾ ಇದ್ದರು ಅಂತ ಪದವೇ ಒಪ್ಪಿಕೊಳ್ಳುತ್ತೆ. ‘ಅತಿಕ್ರಮಣ ತೆರವು’ ಅಂದರೆ ಬರೀ ಜಾಗ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ, ಹಕ್ಕಿನ ಪರಿಶೀಲನೆ ಮುಗಿಯುವ ತನಕ ಅರಣ್ಯವಾಸಿಗಳನ್ನು ಎಬ್ಬಿಸುವಂತಿಲ್ಲ. ಆದರೂ 2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸಿ ಅಂತ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ದೇಶದ ತುಂಬ ಗಲಾಟೆ ಎದ್ದ ಮೇಲೆ, ಫೆಬ್ರವರಿ 28ಕ್ಕೆ ತನ್ನ ಆದೇಶವನ್ನು ತಾನೇ ತಡೆಹಿಡಿದು, ಆ ಅರ್ಜಿಗಳನ್ನು ಯಾವ ಪ್ರಕ್ರಿಯೆಯಲ್ಲಿ ತಿರಸ್ಕರಿಸಿದಿರಿ ಅಂತ ರಾಜ್ಯಗಳನ್ನೇ ಕೇಳಿತು.