ಕೊಯ್ನಾದ ಎತ್ತರ, ಆಲಮಟ್ಟಿಯ ಹರಿವು

ಮುಂಗಾರು ಬಿರುಸಾದರೆ ಮೋರಟಗಿ, ಸಿಂದಗಿ ಕಡೆಯ ರೈತರು ತಮ್ಮ ಸೀಮೆಯ ಮಳೆಯ ಜೊತೆಗೆ ‘ಕೊಯ್ನಾ ಎಷ್ಟ ತುಂಬೇತಿ?’ ಎಂದೂ ಕೇಳುತ್ತಾರೆ. ಮಹಾರಾಷ್ಟ್ರದ ಸಹ್ಯಾದ್ರಿಯ ಆ ಜಲಾಶಯ ಉಕ್ಕಿದರೆ ನೀರು ಕರಾಡದಲ್ಲಿ ಕೃಷ್ಣೆಯನ್ನು ಸೇರಿ ನಮ್ಮ ಆಲಮಟ್ಟಿ ಜಲಾಶಯಕ್ಕೆ ಬರುತ್ತದೆ.

ಆದರೆ ಕೊಯ್ನಾದ ನೀರೆಲ್ಲ ಪೂರ್ವಕ್ಕೆ ಹರಿಯುವುದಿಲ್ಲ. 105 ಟಿಎಂಸಿ ಹಿಡಿಯುವ ಆ ಜಲಾಶಯದಿಂದ ವರ್ಷಕ್ಕೆ 67.5 ಟಿಎಂಸಿವರೆಗೆ ಪಶ್ಚಿಮಕ್ಕೆ ತಿರುಗಿಸಲು ಕೃಷ್ಣೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ಒಪ್ಪಿತ್ತು. ಆ ನೀರು ಬೆಟ್ಟದೊಳಗಿನ ಸುರಂಗಗಳಲ್ಲಿ ನಾನೂರೈವತ್ತು ಮೀಟರಿಗೂ ಹೆಚ್ಚು ಧುಮುಕಿ ಟರ್ಬೈನು ತಿರುಗಿಸಿ, ವಾಶಿಷ್ಠಿ ನದಿ ಸೇರಿ ಅರಬ್ಬಿ ಸಮುದ್ರ ಮುಟ್ಟುತ್ತದೆ. ಯೋಜನೆಯ ಒಟ್ಟು ಸಾಮರ್ಥ್ಯ 1960 ಮೆಗಾವಾಟ್. ಇದರಲ್ಲಿ 1000 ಮೆಗಾವಾಟಿನ ನಾಲ್ಕನೆಯ ಹಂತಕ್ಕೆ ನೀರು ಎಳೆದದ್ದೇ ಒಂದು ಸಾಹಸ. ತುಂಬಿದ ಜಲಾಶಯವನ್ನು ಬರಿದು ಮಾಡುವಂತಿರಲಿಲ್ಲ. ಹಾಗಾಗಿ ಕೆಳಗಿನಿಂದ ಸುರಂಗ ಕೊರೆಯುತ್ತ ಹೋಗಿ, ತಳದ ಬಂಡೆ ಕೆಲವೇ ಮೀಟರ್ ಉಳಿದಾಗ 1999ರಲ್ಲಿ ಅದನ್ನು ಸಿಡಿಸಿದರು. ನಾರ್ವೆಯ ಬೆಟ್ಟದ ಸರೋವರಗಳಲ್ಲಿ ಪಳಗಿದ ವಿದ್ಯೆಯಿದು.

ಆಲಮಟ್ಟಿಗೆ ಆ ಎತ್ತರವಿಲ್ಲ. ಜಲಾಶಯದ ಪೂರ್ಣ ಮಟ್ಟ 519.6 ಮೀಟರ್, ಕೆಳಗಿನ ನಾರಾಯಣಪುರದ ಬಸವಸಾಗರದ್ದು 492.25. ಎರಡೂ ತುಂಬಿದ್ದಾಗ ಸಿಗುವ ಇಳಿತ 27 ಮೀಟರ್ ಅಷ್ಟೆ. ವಿದ್ಯುತ್ತಿನ ಲೆಕ್ಕ ಸರಳ: ನೀರು ಎಷ್ಟು, ಬಿದ್ದದ್ದು ಎಷ್ಟು ಎತ್ತರದಿಂದ. ಕೊಯ್ನಾದಲ್ಲಿ ಸಾವಿರ ಲೀಟರಿಗೆ ಹೆಚ್ಚುಕಡಿಮೆ ಒಂದು ಯೂನಿಟ್ ಹುಟ್ಟಿದರೆ, ಇಲ್ಲಿ ಒಂದು ಯೂನಿಟ್ಟಿಗೆ ಹದಿನೈದು ಸಾವಿರ ಲೀಟರ್ ಬೇಕು. 55 ಮೆಗಾವಾಟಿನ ಐದು, 15ರ ಒಂದು ಯಂತ್ರ ಸೇರಿ ಸಾಮರ್ಥ್ಯ 290 ಮೆಗಾವಾಟ್. ಅವಕ್ಕೆ ಬೇಕಾದದ್ದು ಎತ್ತರವಲ್ಲ, ದೊಡ್ಡ ಹರಿವು.

ವಿದ್ಯುತ್ತನ್ನೇ ಅಳತೆಗೋಲು ಮಾಡಿದರೆ ಕೊಯ್ನಾ ಗೆಲ್ಲುತ್ತದೆ. ಆದರೆ ಈ ಅಳತೆ ಅರ್ಧ ಸತ್ಯ ಎನ್ನುತ್ತೇನೆ. ಪಶ್ಚಿಮಕ್ಕೆ ಇಳಿದ ನೀರು ಕೃಷ್ಣೆಗೆ ಮರಳುವುದಿಲ್ಲ. ಆಲಮಟ್ಟಿಯ ಯಂತ್ರ ದಾಟಿದ ನೀರು ಬಸವಸಾಗರಕ್ಕೆ ಇಳಿದು, ಎಡದಂಡೆ ಕಾಲುವೆ ಹಿಡಿದು, ಇಂಡಿ ಶಾಖಾ ಕಾಲುವೆಯಲ್ಲಿ ಸಿಂದಗಿ, ಇಂಡಿ ತಾಲ್ಲೂಕುಗಳ ಕಪ್ಪು ನೆಲದತ್ತ ಹೋಗುತ್ತದೆ. ಒಂದೇ ನೀರಿಗೆ ಎರಡು ಕೆಲಸ. ಕರೆಂಟಿಗೆ ಇಂದು ಪಾವಗಡದ ಸೌರ ಪಾರ್ಕಿನ ಬಿಸಿಲೂ ಆದೀತು. ತೊಗರಿಯ ಹೊಲಕ್ಕೆ ಆಗದು.

ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣೆಯ ಎರಡನೆಯ ನ್ಯಾಯಮಂಡಳಿಯಾದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಸಮ್ಮತಿಸಿತು. ಏರಿಸಿದರೆ ಇಳಿತಕ್ಕೆ ನಾಲ್ಕೂವರೆ ಮೀಟರ್ ಕೂಡಿ ಟರ್ಬೈನಿಗೂ ಲಾಭವೇ. ಆದರೂ ಕಾಲುವೆಯ ಕಡೆಯವರು ಆ ಎತ್ತರ ಕೇಳುವುದು ನೀರಿಗಾಗಿ. ಬಾಗಲಕೋಟೆಯ ಹಿನ್ನೀರಿನ ಊರುಗಳು ಅದಕ್ಕೆ ಮನೆ, ಹೊಲ ಬಿಟ್ಟುಕೊಡಬೇಕು.